ಜನರಲ್ ಸಾಹೇಬರ ಖಾಲಿ ತೋಳು

ಸತ್ತು ನೂರು ವರ್ಷ ದಾಟಿದ ಮನುಷ್ಯನಿಗೆ ಅಳತೆ ಹಿಡಿದು ಕೋಟು ಹೊಲಿದ ಟೈಲರ್ ಯಾರಾದರೂ ಇದ್ದರೆ ತೋರಿಸಿ. ನಾನು ಹೊಲಿದಿದ್ದೇನೆ. ಅದೂ ಒಂದಲ್ಲ, ಎರಡು! ಆ ಮನುಷ್ಯ ಬ್ರಿಟಿಷರ ಕಾಲದ ಕುದುರೆ ಪಡೆಯ ಜನರಲ್. ಒಂದು ತೋಳಿಲ್ಲದವನು. ಆ ಇಲ್ಲದ ತೋಳು ಹದಿನೈದು ದಿನ ನನ್ನ ಊಟ ಕೆಡಿಸಿತು, ಹೆಂಡತಿಯ ಜೊತೆ ಜಗಳ ತಂದಿಟ್ಟಿತು, ಕಡೆಗೆ ನನ್ನ ಇಪ್ಪತ್ತೆಂಟು ವರ್ಷದ ಕಸುಬಿನಲ್ಲೇ ಅತಿ ದೊಡ್ಡ ಖುಷಿಯನ್ನೂ ಕೊಟ್ಟಿತು. ಈಗ ನೆನೆದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನನ್ನ ಅಂಗಡಿ ಇರುವುದು ಒಮಾನಿನ ಸೀಬ್ ಊರಿನ ಸೂಕಿನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಮೀನು ಮಾರುಕಟ್ಟೆಯಿಂದ ಒಳಗೆ ಮೂರನೆಯ ಗಲ್ಲಿ. ಎರಡು ಮೆಷಿನು, ಬಟ್ಟೆ ಕತ್ತರಿಸುವ ಒಂದು ಮೇಜು, ಆಳೆತ್ತರದ ಒಂದು ಟ್ರಯಲ್ ಕನ್ನಡಿ, ಇಷ್ಟೇ ಆಸ್ತಿ. ಮೇಲಿನ ಮಹಡಿಯಲ್ಲಿ ಮನೆ. ಅಲ್ಲಿ ನನ್ನ ಹೆಂಡತಿ ನಮ್ಮೂರಿನ ಹೆಂಗಸರಿಗೆ ರವಿಕೆ, ಚೂಡಿದಾರ್ ಹೊಲಿಯುತ್ತಾಳೆ. ಅವಳು ಮಂಗಳೂರಿನಲ್ಲಿ ಬಿ.ಎ. ಓದಿದವಳು, ನಾನು ಎಂಟನೆಯ ಕ್ಲಾಸು. ಇದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮರೆಯಲು ಬಿಡುವುದೂ ಇಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಇಡೀ ಸೂಕು ಮುಚ್ಚುತ್ತದೆ. ಆಗ ಅವಳು ಊಟದ ಡಬ್ಬ ಹಿಡಿದು ಕೆಳಗೆ ಬರುತ್ತಾಳೆ, ಶಟರ್ ಅರ್ಧ ಎಳೆದು ಒಟ್ಟಿಗೆ ಉಣ್ಣುತ್ತೇವೆ.

ನನಗೊಂದು ಕಟ್ಟುನಿಟ್ಟು ಉಂಟು. ಗಿರಾಕಿ ತಂದ ಸ್ಯಾಂಪಲ್ಲಿನ ಜೊತೆ ವಾದ ಮಾಡುವುದಿಲ್ಲ. ಕಾರಣ ಹೇಳುತ್ತೇನೆ. ನಾನು ಹೊಸದಾಗಿ ಅಂಗಡಿ ಇಟ್ಟಾಗ ಒಬ್ಬ ಮದುಮಗ ತನ್ನ ಹಳೆಯ ದಿಶ್‌ದಾಶ, ಅಂದರೆ ಇಲ್ಲಿನ ಗಂಡಸರ ಉದ್ದ ನಿಲುವಂಗಿ, ತಂದು ಇದೇ ಅಳತೆಗೆ ಹೊಸದು ಹೊಲಿ ಅಂದ. ನೋಡಿದರೆ ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ. ಯಾವನೋ ಕೈಲಾಗದ ಟೈಲರ್ ಹೊಲಿದದ್ದು ಅಂದುಕೊಂಡು, ದೊಡ್ಡ ಉಪಕಾರ ಮಾಡುವವನ ಹಾಗೆ ಎರಡೂ ತೋಳನ್ನು ಸಮ ಮಾಡಿ ಕೊಟ್ಟೆ. ಮದುವೆಯ ಹಿಂದಿನ ದಿನ ಅವನು ಬಂದು ಕನ್ನಡಿಯ ಮುಂದೆ ಹಾಕಿಕೊಂಡ. ಅವನ ಒಂದು ಕೈಯೇ ಗಿಡ್ಡ! ಅವನು ಬೈದ ಬೈಗುಳ ನನಗೆ ಅರಬಿಯಲ್ಲಿ ಹೊಸ ಪಾಠವಾಯಿತು. ಅಂದಿನಿಂದ ಖಲಾಸ್. ಸ್ಯಾಂಪಲ್ಲಿನಲ್ಲಿ ತೂತಿದ್ದರೆ ತೂತೂ ಸೇರಿ ಹೊಲಿದು ಕೊಡುವವನು ನಾನು.

ಕಳೆದ ಚಳಿಗಾಲ, ಒಂದು ಬೆಳಿಗ್ಗೆ, ಬಾಬಾ ಬಂದರು. ಬಾಬಾ ಅಂದರೆ ನನ್ನ ಹಳೆಯ ಗಿರಾಕಿ, ಎಂಬತ್ತರ ಆಸುಪಾಸಿನ ಒಮಾನಿ ಮುದುಕರು. ಜೀವನವಿಡೀ ಕುದುರೆ ಲಾಯದಲ್ಲಿ ದುಡಿದು ನಿವೃತ್ತರಾದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ, ನಾವು ಮಾತಾಡುವುದೂ ಅದರಲ್ಲೇ. ಅವತ್ತು ಸಲಾಂ ಹೇಳಿದವರೇ ಎದೆಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಸಣ್ಣ ತಗಡನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಮಾಸ್ಟರ್, ಈ ಕೋಟು ಹೊಲೀಬೇಕು."

ಅದು ತಗಡಿನ ಮೇಲೆಯೇ ಮೂಡಿದ ಫೋಟೋ. ಅಂಗೈಯಷ್ಟು ಅಗಲ, ಅಂಚು ತುಕ್ಕು. ಫೋಟೋದಲ್ಲಿ ಗಲ್ಲಮೀಸೆಯ ಒಬ್ಬ ಬಿಳಿಯ ದೊರೆ ನಿಂತಿದ್ದಾನೆ. ಕುತ್ತಿಗೆಗೆ ನಿಂತ ಕಾಲರ್, ಎದೆಯ ಮೇಲೆ ಒಂದೇ ಸಾಲು ಗುಂಡಿ, ಸೊಂಟಕ್ಕೆ ಕತ್ತಿ. ಬಲತೋಳು ಖಾಲಿ, ಮಡಚಿ ಎದೆಗೆ ಪಿನ್ನು ಹಾಕಿದೆ. ಪಕ್ಕದಲ್ಲಿ ಒಂದು ಕುದುರೆ. ಕುದುರೆಯ ಲಗಾಮು ಹಿಡಿದು ಮುಂಡಾಸಿನ ಒಬ್ಬ ಸಪೂರ ಯುವಕ.

"ಈ ದೊರೆ ಯಾರು ಬಾಬಾ?"

"ದೊರೆ ಇರಲಿ. ಇವನನ್ನು ನೋಡು." ಬಾಬಾರ ಬೆರಳು ಯುವಕನ ಮೇಲೆ ನಿಂತಿತು. "ನನ್ನ ಅಜ್ಜಿಯ ಅಪ್ಪ."

ಆಮೇಲೆ ಕತೆ ಹೇಳಿದರು. ಆ ಕಾಲದಲ್ಲಿ ಬ್ರಿಟಿಷರ ಕುದುರೆ ಪಡೆಗೆ ಈ ಕಡೆಯ ಕರಾವಳಿಯಿಂದ ದೋಣಿಗಳಲ್ಲಿ ಅರಬಿ ಕುದುರೆಗಳು ಬೊಂಬಾಯಿಗೆ ಹೋಗುತ್ತಿದ್ದವಂತೆ. ಹಾಗೆ ಕುದುರೆಗಳ ಜೊತೆ ಹೋದ ಈ ಮುತ್ತಜ್ಜ ಅಲ್ಲಿಯೇ ಒಬ್ಬ ದೊರೆಯ ಕುದುರೆ ನೋಡಿಕೊಳ್ಳಲು ನಿಂತ. ಒಂದು ಯುದ್ಧದಲ್ಲಿ ದೊರೆಯ ತೋಳು ಹೋಯಿತು, ಕುದುರೆಯಿಂದ ಬಿದ್ದ. ಮುತ್ತಜ್ಜ ಕತ್ತಿಗಳ ನಡುವೆ ನುಗ್ಗಿ ಅವನನ್ನು ಎಳೆದು ತಂದ. ಮುತ್ತಜ್ಜನ ಕಿವಿಯ ಮೇಲಿನ ತುಂಡೂ ಅವತ್ತೇ ಹೋಯಿತು. ದೊರೆ ಗುಣವಾದ ಮೇಲೆ ಇಬ್ಬರೂ ನಿಂತು ತೆಗೆಸಿದ ಫೋಟೋ ಇದು. ಆಮೇಲೆ ಆ ದೊರೆ ಜನರಲ್ ಆದ, ಮುತ್ತಜ್ಜ ಊರಿಗೆ ಮರಳಿ ಬಂದ.

"ಅಜ್ಜಿ ಈ ಕತೆ ಹೇಳುವಾಗಲೆಲ್ಲ ಹೀಗೆ ಎಡಗಿವಿ ಮುಟ್ಟಿ ತೋರಿಸ್ತಿದ್ದಳು," ಬಾಬಾ ನಕ್ಕರು. "ನಾವು ಮಕ್ಕಳು ಫೋಟೋ ತಂದು, ಅಜ್ಜೀ, ಬಲಗಿವಿ, ಬಲಗಿವಿ ಅಂತ ಕುಣೀತಿದ್ವಿ. ಅವಳಿಗೆ ಎಡಬಲ ಗೊತ್ತಾಗುವುದಿಲ್ಲ ಅಂತ ಮನೆಯಲ್ಲಿ ದೊಡ್ಡವರೂ ನಗ್ತಿದ್ದರು."

ಅಷ್ಟರಲ್ಲಿ ಚಹಾ ತಂದ ನನ್ನ ಹೆಂಡತಿ ಪಕ್ಕನೆ ಕೇಳಿದಳು: "ಅಜ್ಜಿಯ ಹೆಸರೆಂತ ಬಾಬಾ?"

ಬಾಬಾ ಕೇಳಿಸದವರ ಹಾಗೆ ಚಹಾ ಲೋಟ ಎತ್ತಿಕೊಂಡರು. ನಾನು ಅವಳಿಗೆ ಕಣ್ಣು ಬಿಟ್ಟೆ. ಇಲ್ಲಿನ ಹಳೆಯ ತಲೆಮಾರಿನ ಗಂಡಸರು ಮನೆಯ ಹೆಂಗಸರ ಹೆಸರನ್ನು ಹೊರಗಿನವರ ಮುಂದೆ ಹೇಳುವುದಿಲ್ಲ. ಅಷ್ಟು ದೂರ ಯಾಕೆ, ನನ್ನ ಅಪ್ಪ ನಮ್ಮ ತಾಯಿಯನ್ನು, ಉಮ್ಮನನ್ನು, ಹೆಸರು ಹಿಡಿದು ಕರೆದದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

ವಿಷಯ ಏನೆಂದರೆ, ಹದಿನೈದು ದಿನದಲ್ಲಿ ಖುರುಮ್‌ನ ಒಂದು ಹಾಲ್‌ನಲ್ಲಿ ಕುದುರೆಗಳದ್ದೂ ಕುದುರೆ ಸಾಕಿದವರದ್ದೂ ಪ್ರದರ್ಶನವಿತ್ತು. ಹಳೆಯ ಮನೆತನಗಳು ತಮ್ಮಲ್ಲಿರುವ ಜೀನು, ಲಗಾಮು, ಫೋಟೋ ಕೊಡಬೇಕು. ಈ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ಹಾಕುತ್ತಾರೆ, ಪಕ್ಕದಲ್ಲಿ ನಿಜವಾದ ಕೋಟು ನಿಲ್ಲಿಸಿದರೆ ಜನ ತಿರುಗಿ ನೋಡುತ್ತಾರೆ ಎಂಬುದು ಬಾಬಾರ ಲೆಕ್ಕ. ಬಂದ ಜನ ಕೋಟು ನೋಡಲಿ, ಆಮೇಲೆ ಕೆಳಗಿನ ಚೀಟಿಯಲ್ಲಿ ಮುತ್ತಜ್ಜನ ಹೆಸರು ಓದಲಿ. ಅವರಿಗೆ ಬೇಕಿದ್ದದ್ದು ಆ ಹೆಸರು ಒಂದೇ.

ಸೈ! ನನಗೆ ಕೈ ತುರಿಸಲು ಶುರುವಾಯಿತು. ದಿನವಿಡೀ ಬಿಳಿ ದಿಶ್‌ದಾಶ ಹೊಲಿಯುವವನಿಗೆ ಇಂಥ ಕೆಲಸ ಯಾವಾಗ ಸಿಗುತ್ತದೆ? ತಗಡನ್ನು ಕೈಬಿಡಲು ಬಾಬಾ ಒಪ್ಪಲಿಲ್ಲ. ಫೋಟೋ ಅಂಗಡಿಗೆ ನಾವಿಬ್ಬರೂ ಹೋಗಿ ಒಂದು ದೊಡ್ಡ ಪ್ರತಿ ತೆಗೆಸಿಕೊಂಡು ಬಂದೆವು. ಅದನ್ನು ಗೋಡೆಗೆ ಅಂಟಿಸಿ, ಕುದುರೆಯ ಎತ್ತರದಿಂದ ದೊರೆಯ ಎತ್ತರ ಲೆಕ್ಕ ಹಾಕಿದೆ. ಅದಕ್ಕೆ ಬಾಬಾರೇ ನೆರವಾದರು, ಕುದುರೆಯ ಅಳತೆ ಅವರ ಕಣ್ಣಿನಲ್ಲೇ ಇದೆ. ದೊರೆಯ ಒಂದು ಭುಜ ತುಸು ಕೆಳಗೆ. ಹೊಟ್ಟೆ ಒಳಗೆಳೆದು ನಿಂತಿದ್ದಾನೆ, ಕೊನೆಯ ಎರಡು ಗುಂಡಿ ಎಳೆಯುತ್ತಿವೆ. ಗಡದ್ದಾಗಿ ಉಣ್ಣುವವನು! ಕಡುನೀಲಿ ಉಣ್ಣೆಬಟ್ಟೆ ತಂದೆ, ಕಾಲರು ಸೆಟೆದು ನಿಲ್ಲಲು ಒಳಗೆ ಬಕ್ರಮ್ ಹಾಕಿದೆ, ಅಂಚಿಗೆ ಚಿನ್ನದ ಬಣ್ಣದ ಲೇಸು.

ಗುಂಡಿ ತೂರಿಸುವ ಕಾಜಾ ಕತ್ತರಿಸುವಾಗ ನನ್ನ ಕೈ ತಾನಾಗಿ ಎದೆಯ ಎಡ ಹಾಳೆಗೆ ಹೋಯಿತು. ಗಂಡಸರ ಕೋಟಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ, ಇದನ್ನು ಯಾರೂ ಕಲಿಸಬೇಕಿಲ್ಲ. ಅಭ್ಯಾಸಬಲದಿಂದ ಫೋಟೋ ನೋಡಿದೆ. ಫೋಟೋದಲ್ಲಿ ಬಲ ಹಾಳೆ ಮೇಲೆ, ಕಾಜಾ ಬಲಗಡೆ. ಒಂದು ಕ್ಷಣ ನಿಂತೆ. ಆಮೇಲೆ ಆ ಗಿಡ್ಡ ಕೈಯ ಮದುಮಗ ಕಣ್ಣ ಮುಂದೆ ಬಂದ. ಬ್ರಿಟಿಷರ ಕಾಲದ ಪದ್ಧತಿ ಹಾಗಿದ್ದರೆ ನನಗೇನು ಗೊತ್ತು? ಸ್ಯಾಂಪಲ್ ಇದ್ದ ಹಾಗೆ. ಬಲ ಹಾಳೆಗೇ ಕಾಜಾ ಕತ್ತರಿಸಿದೆ.

ಇತ್ತ ಪ್ರದರ್ಶನದ ಆಫೀಸಿನಿಂದ ಬಾಬಾರ ಕೈಗೆ ಒಂದು ಕಟ್ಟು ಕಾಗದ ಬಂತು. ಆ ಜನರಲ್ ಮುದಿ ವಯಸ್ಸಿನಲ್ಲಿ ತನ್ನ ಜೀವನ ಬರೆದಿಟ್ಟಿದ್ದನಂತೆ, ಅದರ ಇಂಗ್ಲಿಷ್ ಪುಟಗಳು. ಅಜ್ಜಿಯ ಬಾಯಿಂದ ಕೇಳಿ ಬಾಬಾ ಹೇಳಿದ ದೊರೆಯ ಹೆಸರಿನಿಂದ ಹುಡುಕಿ ಆಫೀಸಿನವರೇ ತೆಗೆದುಕೊಟ್ಟದ್ದು. ಬಾಬಾ ಅದನ್ನು ನೇರ ನನ್ನ ಹೆಂಡತಿಯ ಕೈಗೆ ಕೊಟ್ಟರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವಳು ಓದಿ ಹೇಳುವುದು, ನಾನು ಅಸ್ತರಿಗೆ ಕೈಹೊಲಿಗೆ ಹಾಕುತ್ತಾ ಕೇಳುವುದು. ಏನು ಮಜಾ ಬರುತ್ತಿತ್ತು ಅಂತೀರಿ!

ಜನರಲ್ ಹುಟ್ಟಿದ್ದು ಒಬ್ಬ ಪಾದ್ರಿಯ ನಾಲ್ಕನೆಯ ಮಗನಾಗಿ. ಶಾಲೆಯಲ್ಲಿ ದಡ್ಡ. ಹದಿನೇಳಕ್ಕೆ ಹಡಗು ಹತ್ತಿಸಿ ಬೊಂಬಾಯಿಗೆ ಕಳಿಸಿದರು. ಕುದುರೆ ಪಡೆಗೆ ಸೇರಿದ ಮೊದಲ ತಿಂಗಳಲ್ಲೇ ಮೂರು ಸಲ ಬಿದ್ದ, ಸಿಪಾಯಿಗಳೆಲ್ಲ ಬೆನ್ನ ಹಿಂದೆ ನಕ್ಕರು. ಹಠ ಹಿಡಿದು ಲಾಯದಲ್ಲೇ ಮಲಗಿ ಕುದುರೆ ಕಲಿತ. ಅರಬಿ ದೋಣಿ ಬಂದರೆ ದಡದಲ್ಲಿ ತಾನೇ ನಿಂತು ಕುದುರೆ ಆರಿಸುತ್ತಿದ್ದ. ಒಂದು ನದಿ ದಾಟುವಾಗ ಇಡೀ ತುಕಡಿಯನ್ನು ಉಳಿಸಿದ, ಕ್ಯಾಪ್ಟನ್ ಆದ.

"ಭಲೇ!" ಅಂದೆ ನಾನು. ಆಗಲೇ ನನಗೆ ಅವನು ನಮ್ಮ ಮನೆಯವನೇ ಆಗಿಬಿಟ್ಟಿದ್ದ.

ಮರುದಿನದ ಪುಟ ಓದುತ್ತಾ ಓದುತ್ತಾ ಹೆಂಡತಿಯ ದನಿ ಬದಲಾಯಿತು. ಕಂದಾಯ ಕೊಡದ ಹಳ್ಳಿಗಳಿಗೆ ಇದೇ ಕ್ಯಾಪ್ಟನ್ ಕುದುರೆ ಪಡೆ ನುಗ್ಗಿಸಿ ಬೆಂಕಿ ಇಡಿಸಿದ್ದ. ಅದನ್ನು ಹವಾಮಾನ ಬರೆದ ಹಾಗೆ ಎರಡೇ ಸಾಲಿನಲ್ಲಿ ಬರೆದಿದ್ದ. ಅವಳು ಕಾಗದ ಕೆಳಗಿಟ್ಟಳು.

"ಇಂಥವನಿಗೆ ನೀವು ಚಿನ್ನದ ಲೇಸು ಹಾಕುವುದಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?"

ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಸಂಜೆ ಬಾಬಾ ಬಂದಾಗ ಅವಳೇ ಕೆಳಗಿಳಿದು ಬಂದು ಅದನ್ನೇ ಅವರಿಗೂ ಕೇಳಿದಳು. ಬಾಬಾ ಸಿಟ್ಟಾಗಲಿಲ್ಲ.

"ಮಗಳೇ, ಕೋಟು ಅವನ ಮರ್ಯಾದೆಗಲ್ಲ. ಕೋಟು ಇಲ್ಲದಿದ್ದರೆ ನನ್ನ ಮುತ್ತಜ್ಜನನ್ನು ಯಾರೂ ತಿರುಗಿ ನೋಡುವುದಿಲ್ಲ. ಮುಂದಿನ ಪುಟ ಓದು. ಅವನ ಹೆಸರು ಇರಬೇಕು."

ಅವಳು ಬಾಬಾರ ಎದುರೇ ಪುಟ ತಿರುಗಿಸಿದಳು. ಯುದ್ಧದ ಅಧ್ಯಾಯ. ಕುದುರೆಯ ಹೆಸರು ಇತ್ತು, ಅದರ ತಾಯಿ ಕುದುರೆಯ ಹೆಸರೂ ಇತ್ತು. ಜೊತೆಗಿದ್ದ ನಾಯಿಯ ಹೆಸರೂ ಇತ್ತು! ಎಳೆದು ತಂದವನ ಬಗ್ಗೆ ಇದ್ದದ್ದು ಒಂದೇ ಮಾತು, ಕುದುರೆ ನೋಡಿಕೊಳ್ಳುವ ಅರಬ. ಅಷ್ಟೇ. ಅವಳು ಹಿಂದೆ ಮುಂದೆ ನಾಲ್ಕು ಪುಟ ಹುಡುಕಿದಳು, ಇಲ್ಲ.

"ನಾಯಿಗೆ ಹೆಸರುಂಟು!" ಅವಳು ಮುಖ ಕೆಂಪು ಮಾಡಿಕೊಂಡು ನನ್ನ ಮೇಲೆ ರೇಗಿದಳು, ಬರೆದವನು ನಾನೇ ಎಂಬಂತೆ. "ನೀವು ಹೊಲಿಯಿರಿ ಮಾರಾಯ್ರೆ. ಚಂದ ಹೊಲಿಯಿರಿ. ಆ ಚೀಟಿಯಲ್ಲಿ ಹೆಸರು ಬರಲೇಬೇಕು."

ಅಲ್ಲಿಂದ ಅವಳೂ ಈ ಕೆಲಸವನ್ನು ಮೈಮೇಲೆ ಹಾಕಿಕೊಂಡಳು. ತೋಳು ಹೋದ ಮೇಲೆ ಎಲ್ಲರೂ ಅವನಿಗೆ ಊರಿಗೆ ಹೋಗು ಅಂದದ್ದು, ಅವನು ಕಲ್ಲಿನ ಮೇಲೆ ನಿಂತು ಒಂದೇ ಕೈಯಲ್ಲಿ ಕುದುರೆ ಹತ್ತಲು ಕಲಿತದ್ದು, ಇಡೀ ಕುದುರೆ ಪಡೆಗೆ ದೊಡ್ಡವನಾದದ್ದು, ಎದೆ ತುಂಬ ಪದಕ, ಕೊನೆಗೆ ತನ್ನೂರಿನಲ್ಲಿ ಕುರ್ಚಿಯಲ್ಲಿ ಕೂತು ಮೊಮ್ಮಕ್ಕಳಿಗೆ ಸವಾರಿ ಹೇಳಿಕೊಟ್ಟದ್ದು, ಎಲ್ಲ ಓದಿ ಮುಗಿಸಿದಳು. ಅಬ್ಬ, ಆ ಆಯುಷ್ಯ! ಬೇಡ ಬೇಡವೆಂದರೂ ನನಗೆ ಅವನ ಮೇಲೆ ಬೆರಗೇ. ಬೆಂಕಿಯ ಪುಟ ನೆನಪಾದಾಗ ಮಾತ್ರ ಸೂಜಿ ಬೇಕೆಂದೇ ಜೋರಾಗಿ ಚುಚ್ಚುತ್ತಿದ್ದೆ.

ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು. ಕೋಟು ಸಿದ್ಧವಾಗಿ ಹ್ಯಾಂಗರಿನಲ್ಲಿ ತೂಗುತ್ತಿತ್ತು, ಬಲತೋಳು ಮಡಚಿ ಪಿನ್ನು ಹಾಕಿದ್ದೆ. ಮಧ್ಯಾಹ್ನ ಹೆಂಡತಿ ಅದನ್ನು ನೋಡಿ ಮೆಚ್ಚುತ್ತಾ ಇದ್ದವಳು ಥಟ್ಟನೆ ನಿಂತಳು. ಓಡಿ ಹೋಗಿ ಕಾಗದದ ಕಟ್ಟು ತಂದಳು.

"ಇವನ ಯಾವ ತೋಳು ಹೋದದ್ದು?"

"ಬಲದ್ದು. ಕಣ್ಣು ಕಾಣುವುದಿಲ್ವಾ?"

"ಇಲ್ಲಿ ಎಡದ್ದು ಅಂತ ಬರೆದಿದ್ದಾನೆ. ನಾನು ಓದುವಾಗ ತೋಳು ಅಂತ ಮಾತ್ರ ಹೇಳಿದೆ, ಎಡ ಅಂತ ಹೇಳಲೇ ಇಲ್ಲ. ಎರಡು ಕಡೆ ಬರೆದಿದ್ದಾನೆ ನೋಡಿ, ಎಡಗೈ ಅಂತ."

ಆಗಲೇ ಶಟರಿನ ಕೆಳಗೆ ಬಾಬಾರ ಚಪ್ಪಲಿ ಕಂಡಿತು. ಮುಚ್ಚಿದ ಹೊತ್ತಿನಲ್ಲಿ ಅವರು ಯಾವತ್ತೂ ಬಂದವರಲ್ಲ. ಬಗ್ಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಅಲ್ ಖುವೈರ್‌ನಲ್ಲಿರುವ ಪ್ರದರ್ಶನದ ಆಫೀಸಿನಿಂದ ಫೋನು ಬಂದಿತ್ತಂತೆ. ಬಾಬಾರ ಮೊಬೈಲಿನಿಂದ ಹೋದ ಫೋಟೋವನ್ನು ಅಲ್ಲಿನ ಮೇಡಂ ಪುಸ್ತಕದ ಜೊತೆ ಹೋಲಿಸಿ ನೋಡಿದ್ದಳು. ಜನರಲ್‌ಗೆ ಇಲ್ಲದ್ದು ಎಡತೋಳು, ಫೋಟೋದಲ್ಲಿ ಇಲ್ಲದ್ದು ಬಲತೋಳು. ಹಾಗಾಗಿ ಇವನು ಬೇರೆ ಯಾರೋ. ಬೇಕಾದರೆ ಫೋಟೋ ಹಾಕುತ್ತೇವೆ, ಗುರುತು ಸಿಗದ ಅಧಿಕಾರಿ ಮತ್ತು ಕುದುರೆಯಾಳು ಎಂದು ಬರೆಯುತ್ತೇವೆ ಅಂದಿದ್ದಳು.

"ಕುದುರೆಯಾಳು," ಬಾಬಾ ನಿಧಾನ ಹೇಳಿದರು. "ಪುಸ್ತಕದಲ್ಲೂ ಅದೇ, ಗೋಡೆಯ ಮೇಲೂ ಅದೇ. ನಮ್ಮ ಮನೆಯಲ್ಲಿ ನೂರು ವರ್ಷ ಹೇಳಿದ್ದು ಸುಳ್ಳಾಯಿತು, ಮಾಸ್ಟರ್. ಕೋಟು ಬೇಡ. ಫೋಟೋ ಕೊಡುವುದಿಲ್ಲ."

ಆ ಮುದುಕರು ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ದುಃಖವಾಗಬೇಕಿತ್ತು, ಬಂದದ್ದು ಸಿಟ್ಟು. ಅವರ ಮೇಲೆ ತೋರಿಸಲಾಗದೆ ಹೆಂಡತಿಯ ಮೇಲೆ ಹರಿಹಾಯ್ದೆ.

"ನಿನ್ನ ಓದುವಿಕೆಯಿಂದಲೇ ಆದದ್ದು ಇದು! ನಾನು ಫೋಟೋ ನೋಡಿ ಹೊಲಿದವನು. ಫೋಟೋ ಸುಳ್ಳು ಹೇಳ್ತದಾ?"

"ಹೊಲಿದದ್ದು ನೋಡಿದೆ ಬಿಡಿ," ಅವಳೂ ಬಿಡಲಿಲ್ಲ. ಕೋಟಿನ ಎದೆ ಹಿಡಿದು ಎಳೆದಳು. "ಕಾಜಾ ಬಲಗಡೆ ಹಾಕಿದ್ದೀರಿ! ಇದು ನಾನು ಹೊಲಿಯುವ ಕಡೆ. ಜನರಲ್‌ಗೆ ಹೆಂಗಸರ ಕೋಟು ಹೊಲಿದು ಇಟ್ಟಿದ್ದೀರಿ ನೀವು, ಇಪ್ಪತ್ತೆಂಟು ವರ್ಷದ ಮಾಸ್ಟರ್!"

"ಫೋಟೋದಲ್ಲಿ ಹಾಗೇ ಉಂಟು!" ಬೊಬ್ಬೆ ಹಾಕಿ, ಹ್ಯಾಂಗರ್ ಸಮೇತ ಕೋಟನ್ನು ಅವಳ ಕೈಯಿಂದ ಕಿತ್ತುಕೊಂಡು ನನ್ನ ಎದೆಗೆ ಹಿಡಿದು ಕನ್ನಡಿಯ ಮುಂದೆ ನಿಂತೆ. "ನೋಡು! ಸರಿಯಾಗಿ ನೋಡು!"

ಅವಳು ನೋಡಿದಳು. ನಾನೂ ನೋಡಿದೆ. ಕನ್ನಡಿಯಲ್ಲಿ ಕಾಜಾ ಎಡಗಡೆ ಇತ್ತು. ಗಂಡಸರ ಕೋಟು! ಖಾಲಿ ತೋಳು ಎಡತೋಳು!

ಇಪ್ಪತ್ತೆಂಟು ವರ್ಷ ಆ ಕನ್ನಡಿಯ ಪಕ್ಕ ನಿಂತಿದ್ದೇನೆ. ಗಿರಾಕಿ ಕನ್ನಡಿಯಲ್ಲಿ ನೋಡಿ ಎಡಭುಜ ಬಿಗಿ ಎಂದು ಕೈ ತೋರಿಸಿದರೆ, ಯಾವ ಭುಜವೆಂದು ಮತ್ತೆ ಕೇಳಿ ಚಾಕಿನ ಗುರುತು ಹಾಕುವವನು ನಾನು. ಅಂಥ ನನಗೆ ಹೊಳೆಯಲಿಲ್ಲವಲ್ಲ!

"ಬಾಬಾ! ತಗಡು ಕೊಡಿ! ಯಲ್ಲಾ, ಬೇಗ ಕೊಡಿ!"

ಬಾಬಾ ಗಾಬರಿಯಾಗಿ ಕರವಸ್ತ್ರ ಬಿಚ್ಚಿದರು. ನಾನು ತಗಡನ್ನು ಕನ್ನಡಿಗೆ ತೋರಿಸಿ ಹಿಡಿದೆ, ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಕನ್ನಡಿಯೊಳಗೆ ಜನರಲ್ ಎಡತೋಳಿಲ್ಲದೆ ನಿಂತಿದ್ದ. ಗುಂಡಿಗಳೆಲ್ಲ ಗಂಡಸರ ಕಡೆಗೆ.

"ಈ ಫೋಟೋ ತಿರುಗಿದ್ದು ಬಾಬಾ! ಎಡ ಬಲ ಆಗಿದೆ, ಬಲ ಎಡ ಆಗಿದೆ. ಗುಂಡಿ ನೋಡಿ, ಯಾವ ಟೈಲರೂ ಗಂಡಸರ ಕೋಟಿಗೆ ಹಾಗೆ ಹಾಕುವುದಿಲ್ಲ. ನಾನೊಬ್ಬನೇ ಮಂಗ ಹಾಕಿದವನು!"

ಬಾಬಾ ತಗಡನ್ನೊಮ್ಮೆ, ಕನ್ನಡಿಯನ್ನೊಮ್ಮೆ ನೋಡಿದರು. ಆಮೇಲೆ ಅವರೂ ಕೂಗಿದರು. "ಕತ್ತಿ! ಮಾಸ್ಟರ್, ಕತ್ತಿ! ಬಲಗೈಯಿಂದ ಎಳೆಯುವ ಕತ್ತಿ ಎಡ ಸೊಂಟದಲ್ಲಿ ಇರಬೇಕು. ತಗಡಿನಲ್ಲಿ ಬಲಕ್ಕಿದೆ, ಕನ್ನಡಿಯಲ್ಲಿ ಎಡಕ್ಕೆ ಬಂತು. ಎಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ, ನಾನು ಕುದುರೆಯವನು, ನನಗೆ ಕಾಣಲಿಲ್ಲ!"

ಎಂಬತ್ತರ ಮುದುಕರು ನನ್ನನ್ನು ತಬ್ಬಿಕೊಂಡು ಅಂಗಡಿಯ ನಡುವೆ ಕುಣಿದೇಬಿಟ್ಟರು. ಹೆಂಡತಿ ತನ್ನ ಫೋನಿನಲ್ಲಿ ಫೋಟೋ ತೆಗೆದು, ಬೆರಳಾಡಿಸಿ ಅದನ್ನು ತಿರುಗಿಸಿ, ನಗುತ್ತಲೂ ಕಣ್ಣೊರೆಸುತ್ತಲೂ ಇದ್ದಳು. ನಾನು ಅವಳಲ್ಲಿ ತಪ್ಪಾಯಿತು ಎಂದೆ. ಬರೆದಿಟ್ಟುಕೊಳ್ಳುತ್ತೇನೆ ಅಂದಳು.

ನಾಲ್ಕು ಗಂಟೆಗೆ ಅಂಗಡಿ ತೆರೆಯಲಿಲ್ಲ. ಬಾಬಾರ ಹಳೆಯ ಪಿಕಪ್ಪಿನಲ್ಲಿ ಮೂವರೂ ಅಲ್ ಖುವೈರ್‌ಗೆ ಹೊರಟೆವು, ಕೋಟು ಹೆಂಡತಿಯ ಮಡಿಲಲ್ಲಿ. ಹೈವೇಯಲ್ಲಿ ಗಾಡಿಗಳು ಇಂಚಿಂಚು ಹೋಗುತ್ತಿದ್ದವು. ಆಫೀಸು ಮುಚ್ಚಿದರೆ ಏನು ಗತಿ ಎಂದು ನಾನು ಕಿಟಕಿಯಿಂದ ಕೈ ಹಾಕಿ ಮುಂದಿನವನಿಗೆ ಬೈಯುತ್ತಿದ್ದೆ. ಅವನಿಗೆ ತುಳುವಿನಲ್ಲಿ ಬೈದರೆ ಏನು ಅರ್ಥವಾಗಬೇಕು? ಹೊರಡುವಾಗಲೇ ಹೆಂಡತಿ ಫೋನು ಮಾಡಿದ್ದಳು, ಮೇಡಂ ಕಾದಿದ್ದಳು.

ಚಿಕ್ಕ ವಯಸ್ಸಿನ ಒಮಾನಿ ಹೆಣ್ಣುಮಗಳು. ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಗುಂಡಿಯ ವಿಚಾರ ಹೇಳತೊಡಗಿದಳು, ಮೇಡಂ ತಾಳ್ಮೆಯಿಂದ ಕೇಳುತ್ತಿದ್ದಳು, ನಂಬಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಬಾಬಾ ಕರವಸ್ತ್ರ ಬಿಚ್ಚಿ ತಗಡನ್ನು ಮೇಜಿನ ಮೇಲಿಟ್ಟರು. ಅವಳು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದವಳೇ ಹಣೆ ಚಚ್ಚಿಕೊಂಡಳು.

"ಇದು ತಗಡಿನ ಮೇಲಿನ ಫೋಟೋನಾ? ಮೊದಲೇ ಯಾಕೆ ಹೇಳಲಿಲ್ಲ? ತಗಡಿನ ಮೇಲೆ ನೇರ ಬೀಳುವ ಚಿತ್ರ ತಿರುಗಿಯೇ ಬರುತ್ತದೆ!"

ಅವಳು ನೋಡಿದ್ದು ಮೊಬೈಲಿನಲ್ಲಿ ಹೋದ ಪ್ರತಿ ಮಾತ್ರ. ಕಾಗದದ ಫೋಟೋ ಅಂದುಕೊಂಡಿದ್ದಳು. ಬಾಬಾ ಕೈಬಿಡದ ಆ ತಗಡು ಅವಳ ಕೈಗೆ ಮೊದಲೇ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸಿ, ಕತ್ತಿ, ಗುಂಡಿ, ತೋಳು, ಒಂದೊಂದನ್ನೂ ಪುಸ್ತಕದ ಜೊತೆ ಇಟ್ಟು ನೋಡಿದಳು. ಆಮೇಲೆ ಪೆನ್ನು ತೆಗೆದು, ಎದ್ದು ನಿಂತು, ಮುತ್ತಜ್ಜನ ಪೂರ್ತಿ ಹೆಸರು ಹೇಳಿ ಎಂದು ಬಾಬಾರನ್ನು ಕೇಳಿದಳು. ಬಾಬಾ ಅವನ ಹೆಸರು, ಅವನ ಅಪ್ಪನ ಹೆಸರು, ಅವನ ಅಜ್ಜನ ಹೆಸರು, ಕುಲದ ಹೆಸರು, ಒಂದೊಂದಾಗಿ ಬಿಡಿಸಿ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಸೊತ್ತು.

ನನಗೆ ಉಳಿದದ್ದು ಎರಡು ದಿನ. ಹೊಲಿದ ಕೋಟು ಪೂರ್ತಿ ಉಲ್ಟಾ. ಬಿಚ್ಚಿದರೆ ಕಾಜಾದ ತೂತು ಮುಚ್ಚುವುದಿಲ್ಲ, ಹೊಸದೇ ಆಗಬೇಕು. ಹೆಂಡತಿ ತನ್ನ ರವಿಕೆಗಳನ್ನೆಲ್ಲ ಬದಿಗಿಟ್ಟು ಕೆಳಗೆ ಬಂದು ಎರಡನೆಯ ಮೆಷಿನಿಗೆ ಕೂತಳು. ಎರಡು ದಿನ ಮೆಷಿನಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದೆವು, ನಕ್ಕೆವು, ಲೇಸಿಗಾಗಿ ಜಗಳವಾಡಿದೆವು. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ. ಮೊದಲಿನ ಕೋಟು ಈಗಲೂ ಅಂಗಡಿಯಲ್ಲಿ ತೂಗುತ್ತಿದೆ, ಕೇಳಿದವರಿಗೆ ಹೆಂಗಸರ ಜನರಲ್‌ಗೆ ಹೊಲಿದದ್ದು ಎನ್ನುತ್ತೇನೆ.

ಪ್ರದರ್ಶನದ ಬೆಳಿಗ್ಗೆ ಖುರುಮ್‌ನ ಹಾಲ್‌ಗೆ ನಾವು ಎಲ್ಲರಿಗಿಂತ ಮೊದಲೇ ಹೋದೆವು. ಒಳಗೆ ಹೋಗುತ್ತಲೇ ನನ್ನ ಕಣ್ಣು ಮೊದಲು ಕೋಟಿಗೇ ಹೋಯಿತು, ಸುಳ್ಳು ಯಾಕೆ ಹೇಳಲಿ. ಗಾಜಿನೊಳಗೆ, ದೀಪದ ಕೆಳಗೆ, ಎಡತೋಳು ಮಡಚಿಕೊಂಡು ನಿಂತಿತ್ತು. ಹಿಂದೆ ಗೋಡೆಯ ತುಂಬ ಆ ಫೋಟೋ, ಸರಿಯಾದ ಕಡೆಗೆ ತಿರುಗಿಸಿದ್ದು. ಕೆಳಗೆ ಚೀಟಿಯಲ್ಲಿ ಮೊದಲ ಸಾಲು ಮುತ್ತಜ್ಜನ ಹೆಸರು, ಎರಡನೆಯ ಸಾಲು ಜನರಲ್‌ನದು. ನನ್ನ ಹೆಂಡತಿ ನನ್ನ ತೋಳು ಹಿಡಿದು, "ಮೇಲೆ ಹಾಕಿದ್ದಾರೆ, ಮೇಲೆ!" ಅಂದಳು.

ಬಾಬಾ ಹೊಸ ದಿಶ್‌ದಾಶ ಹಾಕಿ, ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದರು. ಚೀಟಿಯನ್ನು ಎರಡು ಸಲ ಓದಿದರು. ಎಲ್ಲರ ಕೈ ಕುಲುಕಿದರು. ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ಮುತ್ತಜ್ಜನನ್ನು ನೋಡಿದವರು ಹಾಗೇ ನಿಂತುಬಿಟ್ಟರು. ತಗಡಿನಲ್ಲಿ ಜೀರಿಗೆಯಷ್ಟಿದ್ದ ಕಿವಿ ಗೋಡೆಯ ಮೇಲೆ ಅಂಗೈಯಷ್ಟಿತ್ತು. ಮುಂಡಾಸಿನ ಕೆಳಗೆ ಮೇಲಿನ ತುಂಡಿಲ್ಲದ ಕಿವಿ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಗಿವಿ.

ಬಾಬಾರ ಕೈ ಮೆಲ್ಲಗೆ ತಮ್ಮ ಎಡಗಿವಿಗೆ ಹೋಯಿತು.

"ಮಾಸ್ಟರ್, ಅಜ್ಜಿ ಸರಿಯಾಗೇ ಹೇಳ್ತಿದ್ದಳು. ಅವಳು ಅಪ್ಪನ ಮುಖ ನೋಡಿದವಳು, ನಾವು ಫೋಟೋ ನೋಡಿದವರು. ಅವಳು ಸಾಯುವ ತನಕ ಅವಳನ್ನು ನೋಡಿ ನಗಾಡಿದೆವು."

ಹೋದ ಜೀವದ ಕ್ಷಮೆ ಕೇಳುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಬಾಬಾ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಮೇಡಂನ ಹತ್ತಿರ ಹೋದರು. ನಾವೂ ಹಿಂದೆ ಹೋದೆವು.

"ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕು. ಈ ಕತೆಯನ್ನು ಉಳಿಸಿದವಳು ಅವನ ಮಗಳು ಅಂತ."

"ಸೇರಿಸೋಣ," ಅಂದಳು ಮೇಡಂ. ಪೆನ್ನು ತೆಗೆದಳು. "ಅವರ ಹೆಸರು?"

ಸುತ್ತ ಬಾಬಾರ ಗಂಡುಮಕ್ಕಳಿದ್ದರು, ಊರಿನ ಹಿರಿಯರಿದ್ದರು, ಯಾರು ಯಾರೋ ಅಪರಿಚಿತರಿದ್ದರು. ಬಾಬಾ ಒಂದು ಸಲ ನೆಲ ನೋಡಿದರು. ನನ್ನ ಹೆಂಡತಿಯ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಬಾಬಾ ತಲೆ ಎತ್ತಿ ಅಜ್ಜಿಯ ಹೆಸರು ಹೇಳಿದರು. ಗದ್ದಲದಲ್ಲಿ ಮೇಡಂಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಅಂದಳು.

ಬಾಬಾ ಇನ್ನೊಮ್ಮೆ ಹೇಳಿದರು, ಈ ಸಲ ಇಡೀ ಹಾಲ್‌ಗೆ ಕೇಳಿಸುವ ಹಾಗೆ.